ಸುರಪುರದ ರಾಜಾ ವೆಂಕಟಪ್ಪ ನಾಯಕ

ಕೃಷ್ಣಾ-ಭೀಮಾ ನದಿಗಳ ನಡುವಣ ನಾಡಿನಲ್ಲಿ, ಶಹಾಪುರಕ್ಕೆ ನೆರೆಯಾಗಿರುವ ಸುರಪುರವು ಬೇಡ ನಾಯಕರ ರಾಜಧಾನಿಯಾಗಿ ಮೆರೆದ ಊರು. ಆ ವಂಶದಲ್ಲಿ ರಾಜ್ಯವಾಳಿದವರಲ್ಲಿ ಕಡೆಯವನು ರಾಜಾ ವೆಂಕಟಪ್ಪ ನಾಯಕ. ತಂದೆ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಈತನಿನ್ನೂ ಬಾಲಕ. ಆಡಳಿತಕ್ಕಾಗಿ ಅರಮನೆಯಲ್ಲಿ ಒಳಜಗಳ ಬೆಳೆಯಲು, 1841ರಲ್ಲಿ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನು ಸುರಪುರಕ್ಕೆ ನಿಯುಕ್ತನಾಗಿ ಬಂದನು. ರಾಜಮಾತೆ ಈಶ್ವರಮ್ಮನಿಗೂ ಅವನಿಗೂ ವಿರಸವಿದ್ದರೂ ಬಾಲಕನು ಮಾತ್ರ ಅವನನ್ನು ‘ಅಪ್ಪ’ ಎಂದೇ ಕರೆದನು. ಟೇಲರನೂ ಆ ಕರೆಗೆ ಓಗೊಟ್ಟು, ಅವನನ್ನು ವಾತ್ಸಲ್ಯದಿಂದ ಬೆಳೆಸಿದನು.

1853ರಲ್ಲಿ ರಾಜ್ಯಸೂತ್ರವು ಯುವರಾಜನ ಕೈಸೇರಿತು. ಟೇಲರನು ಸುರಪುರವನ್ನು ಬಿಟ್ಟು ತೆರಳಿದನು. ಹೊಗಳುಭಟ್ಟರ ನಡುವೆ ದೊರೆಯು ಬೊಕ್ಕಸವನ್ನು ಬರಿದುಮಾಡಿದನೆಂದು ಟೇಲರನು ನೊಂದು ಬರೆದಿರುವನು. 1858ರ ಫೆಬ್ರವರಿಯಲ್ಲಿ ದೊರೆಯು ಆಂಗ್ಲರೊಡನೆ ಕಾದಿ, ಹೈದರಾಬಾದಿನಲ್ಲಿ ಸೆರೆಸಿಕ್ಕನು.

ಸೆರೆಮನೆಗೆ ಬಂದ ಟೇಲರನನ್ನು ಕಂಡು ದೊರೆಯು ಕಣ್ಣೀರು ಸುರಿಸಿದನು. ಆದರೆ ದಂಗೆಗೆ ಪ್ರೇರಿಸಿದವರ ಹೆಸರುಗಳನ್ನು ಕೇಳಿದಾಗ, ಅಪ್ಪನೆಂದು ಕರೆದವನಿಗೂ ಬಾಯಿಬಿಡಲಿಲ್ಲ. ಮರಣದಂಡನೆಯು ತಗ್ಗಿ, ಕಡೆಗೆ ಚೆಂಗಲಪಟ್ಟಿನಲ್ಲಿ 4 ವರ್ಷಗಳ ಸೆರೆವಾಸವಾಗಿ ಉಳಿಯಿತು. ಅತ್ತ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಬಲಿಯಾದನು. ತಾನೇ ಹಾರಿಸಿಕೊಂಡನೆಂಬುದು ಟೇಲರನ ಬರಹ. ಆಗ ಅವನಿಗೆ 24ರ ಪ್ರಾಯ. ಸಂಸ್ಥಾನವು ನಿಜಾಮನ ವಶವಾಯಿತು.

ಸಾಕಿದವನು ಮಮತೆಯನ್ನೂ ಬಿಡಲಿಲ್ಲ, ಸರಕಾರದ ಸೇವೆಯನ್ನೂ ಬಿಡಲಿಲ್ಲ. ದೊರೆಯಾದರೋ, ಸಿಂಹಾಸನದ ಮೇಲೆ ತನ್ನನ್ನು ಸ್ತುತಿಗೆ ಸೋಲಿಸಿದ ಅಭಿಮಾನವನ್ನೇ ಸೆರೆಯಲ್ಲಿ ಪರರ ಪ್ರಾಣಕ್ಕೆ ಕವಚವಾಗಿಸಿದನು. ದೋಷವೂ ಗುಣವೂ ಒಂದೇ ಬೇರಿನಿಂದ ಚಿಗುರುವುದನ್ನು ಅರಿತವರು ಈ ತರುಣನನ್ನು ಅವಸರದಿಂದ ತೂಗಲಾರರು.