ಬಾಣಂತಿ ನಂಜಿನ ಮೂಲ ಅರಸಿದ ಸೆಮ್ಮೆಲ್‌ವೈಸ್

ಚಳ್ಳಕೆರೆ: ಬಾಣಂತಿಗೆ ನಂಜೇರಿತು ಎಂಬ ಮಾತಿಗೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಿರಿಯರು ಇಂದಿಗೂ ಬೆಚ್ಚುತ್ತಾರೆ. ಹೆರಿಗೆ ಈಗ ಮನೆಯ ಮೂಲೆಯಿಂದ ಆಸ್ಪತ್ರೆಗೆ ಬಂದಿದೆ. ಕಷ್ಟದ ಹೆರಿಗೆಯಾದರೆ ಗರ್ಭಿಣಿಯನ್ನು ಚಿತ್ರದುರ್ಗಕ್ಕೋ, ಮೊಳಕಾಲ್ಮುರಿನವರಾದರೆ ಸಮೀಪದ ಬಳ್ಳಾರಿಗೋ ಕರೆದೊಯ್ಯುವುದುಂಟು. ಸಿಸೇರಿಯನ್ ಆಗಿ ಮಗು ಕೈಗೆ ಬಂದ ಮೇಲೂ ಹೊಲಿಗೆ ಕೀವುಗಟ್ಟೀತೇ, ಜ್ವರ ಕಾಣಿಸೀತೇ ಎಂಬ ಅಳುಕು ಮನೆಯವರನ್ನು ಬಿಡುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ ಈ ಅಳುಕು ಇಮ್ಮಡಿಸಿತು. ಅಲ್ಲಿ ಶಂಕೆ ಬಿದ್ದದ್ದು ಗಾಯದ ನಂಜಿನ ಮೇಲಲ್ಲ, ನರಕ್ಕೆ ಏರಿಸಿದ ದ್ರಾವಣದ ಮೇಲೆ ಎಂಬುದು ಬೇರೆ ಮಾತು.

ಗುಣಪಡಿಸಬೇಕಾದ ಆಸ್ಪತ್ರೆಯೇ ಬಾಣಂತಿಗೆ ಮುಳುವಾಗಬಹುದೆಂದು ಲೆಕ್ಕದ ಪುಸ್ತಕ ಹಿಡಿದು ತೋರಿಸಿದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. ಹಂಗೇರಿಯ ಬುಡಾ ಪಟ್ಟಣದಲ್ಲಿ 1818ರ ಜುಲೈ 1ರಂದು ದಿನಸಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದ ಅವರು, ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋಗಿ ವೈದ್ಯಶಾಸ್ತ್ರದತ್ತ ಹೊರಳಿದರು. 1846ರಲ್ಲಿ ಅಲ್ಲಿನ ದೊಡ್ಡಾಸ್ಪತ್ರೆಯ ಒಂದನೇ ಹೆರಿಗೆ ವಿಭಾಗಕ್ಕೆ ಸಹಾಯಕ ವೈದ್ಯರಾಗಿ ಸೇರಿದರು.

ಆ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗಗಳು ಎರಡು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಒಂದನೇ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ಸತ್ತರು. ಎರಡನೆಯದರ 3,754 ಹೆರಿಗೆಗಳಲ್ಲಿ ಸತ್ತವರು 105. ಊರಿನ ಹೆಂಗಸರಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿತ್ತು. ಒಂದನೇ ವಿಭಾಗಕ್ಕೆ ಮಾತ್ರ ಬೇಡವೆಂದು ಅವರು ಅಂಗಲಾಚುತ್ತಿದ್ದರು. ಬೀದಿಯಲ್ಲೇ ಹೆತ್ತು ಬಂದವರೂ ಇದ್ದರು. ಹಾಗೆ ಬೀದಿಯಲ್ಲಿ ಹೆತ್ತವರಿಗೆ ಜ್ವರ ಬರುವುದು ಅಪರೂಪವಾಗಿತ್ತು. ಪ್ರಾಧ್ಯಾಪಕರು ಕೆಟ್ಟ ಗಾಳಿಯನ್ನು ದೂರುತ್ತಿದ್ದರು. ಆದರೆ ಎರಡೂ ವಿಭಾಗಗಳಿಗೆ ಗಾಳಿ ಒಂದೇ ಅಲ್ಲವೇ?

ಉತ್ತರ ದೊರೆತದ್ದು ಗೆಳೆಯನ ಸಾವಿನಲ್ಲಿ. 1847ರ ಮಾರ್ಚ್‌ನಲ್ಲಿ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಾಗಿ ಬೆರಳಿಗೆ ಗಾಯವಾದ ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ನಂಜೇರಿ ತೀರಿಕೊಂಡರು. ಅವರ ದೇಹದಲ್ಲಿ ಕಂಡುಬಂದ ಲಕ್ಷಣಗಳು ಬಾಣಂತಿಯರ ಶವಗಳಲ್ಲಿ ಕಾಣುತ್ತಿದ್ದವೇ ಆಗಿದ್ದವು. ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುವ ವೈದ್ಯರ ಕೈಗಳೇ ಸಾವನ್ನು ಹೊತ್ತು ತರುತ್ತಿವೆ ಎಂದು ಸೆಮ್ಮೆಲ್‌ವೈಸ್ ನಿಶ್ಚಯಿಸಿದರು. ಆ ಕೈಗಳಲ್ಲಿ ಅವರದೂ ಸೇರಿದ್ದವು.

ಮೇ ತಿಂಗಳಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜೂನ್ ವೇಳೆಗೆ ಶೇ 2ರ ಆಸುಪಾಸಿಗೆ ಇಳಿಯಿತು. 1848ರ ಮಾರ್ಚ್ ಮತ್ತು ಆಗಸ್ಟ್‌ನಲ್ಲಿ ಆ ವಿಭಾಗದ ಒಬ್ಬ ಬಾಣಂತಿಯೂ ಈ ಜ್ವರದಿಂದ ಸಾಯಲಿಲ್ಲ. ಈ ನಡುವೆ ಗರ್ಭಾಶಯದ ಕ್ಯಾನ್ಸರ್‌ನಿಂದ ಸ್ರಾವವಾಗುತ್ತಿದ್ದ ರೋಗಿಯೊಬ್ಬರನ್ನು ಪರೀಕ್ಷಿಸಿದ ಕೈಗಳಿಂದಲೇ ಪಕ್ಕದ ತಾಯಂದಿರಿಗೂ ಜ್ವರ ಹರಡಿತ್ತು. ಶವ ಮುಟ್ಟಿದವರಷ್ಟೇ ಅಲ್ಲ, ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವವರೂ ಕೈ ತೊಳೆಯಬೇಕೆಂಬ ನಿಯಮ ಬಂದದ್ದು ಆಮೇಲೆ.

ಆ ಕಾಲದಲ್ಲಿ ಸಿಸೇರಿಯನ್ ಎಂದರೆ ತಾಯಿಗೆ ಬಹುತೇಕ ಮರಣ ಶಾಸನ. ಇಂದು ಅದು ನಿತ್ಯದ ಶಸ್ತ್ರಚಿಕಿತ್ಸೆ. ಚರ್ಮ ಕೊಯ್ಯುವ ಮುನ್ನವೇ ಆ್ಯಂಟಿಬಯಾಟಿಕ್ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಆದರೂ ಗಾಯದ ಸೋಂಕು ಪೂರ್ತಿ ನಿಂತಿಲ್ಲ. ಗಂಟೆಗಟ್ಟಲೆ ನೋವುಂಡು ಬಂದವರಿಗೆ, ರಕ್ತಹೀನತೆ ಅಥವಾ ಮಧುಮೇಹ ಇರುವವರಿಗೆ ಅಪಾಯ ಹೆಚ್ಚು. ಹೊಲಿಗೆಯ ಸುತ್ತ ಕೆಂಪಾಗುವುದು, ಕೀವು, ದುರ್ವಾಸನೆ, ಜ್ವರ ಅನೇಕ ವೇಳೆ ತೋರುವುದು ಮನೆಗೆ ಮರಳಿದ ಮೇಲೆ. ಅದನ್ನು ಬಾಣಂತನದ ಸಹಜ ನೋವೆಂದು ತಳ್ಳಿಹಾಕಿ ದಿನ ಕಳೆದರೆ ನಂಜು ರಕ್ತಕ್ಕೇರುತ್ತದೆ.

ಸೆಮ್ಮೆಲ್‌ವೈಸ್ ಅವರಿಗೆ ವಿಯೆನ್ನಾ ಒಲಿಯಲಿಲ್ಲ. ಮೇಲಧಿಕಾರಿ ಯೋಹಾನ್ ಕ್ಲೈನ್ ಒಪ್ಪಲಿಲ್ಲ. 1849ರಲ್ಲಿ ಹುದ್ದೆಯ ಅವಧಿ ಮುಗಿದಾಗ ಅದು ನವೀಕರಣಗೊಳ್ಳಲಿಲ್ಲ. ಮರುವರ್ಷ ಗೆಳೆಯರಿಗೂ ಹೇಳದೆ ಅವರು ಪೆಸ್ಟ್ ನಗರಕ್ಕೆ ಹೊರಟುಹೋದರು. ಅಲ್ಲಿನ ಸೇಂಟ್ ರೋಕಸ್ ಆಸ್ಪತ್ರೆಯಲ್ಲೂ ಅದೇ ಪದ್ಧತಿ ತಂದು ಸಾವು ತಗ್ಗಿಸಿದರು. ಬರೆಯಲು ಹಿಂಜರಿಯುತ್ತಿದ್ದ ಅವರ ಗ್ರಂಥ ಪ್ರಕಟವಾದದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. ವಿರೋಧಿಗಳನ್ನು ಕೊಲೆಗಾರರೆಂದು ಜರೆದ ಅವರ ಬಹಿರಂಗ ಪತ್ರಗಳು ಹಗೆತನವನ್ನಷ್ಟೇ ಬೆಳೆಸಿದವು. ಅವರ ಪರ ನಿಲ್ಲಬಹುದಾಗಿದ್ದವರೂ ದೂರ ಸರಿದರು.

ಮನಸ್ಸಿನ ಸ್ಥಿಮಿತ ತಪ್ಪಿತೆಂದು 1865ರ ಜುಲೈ ಕೊನೆಯಲ್ಲಿ ಅವರನ್ನು ಉಪಾಯವಾಗಿ ಕರೆತಂದು ವಿಯೆನ್ನಾದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವೊಂದು ನಂಜೇರಿ 47ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಅದರ ಹಿಂದಿನ ದಿನವಷ್ಟೇ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು, ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ನಂಜು ತಡೆಯಲು ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದರು.