ಆಟಿಕೆ ರೈಲಿನ ಫ್ರಾಂಕ್ ಹಾರ್ನ್‌ಬಿ ಎಂಜಿನಿಯರ್ ಆಗಿದ್ದರೇ? ಬಾಗುವ ಹಳಿ ಅವರದೇ?

ಮಾದರಿ ರೈಲು ಕಟ್ಟುವವರಿಗೆ ಹಾರ್ನ್‌ಬಿ ಎಂಬ ಹೆಸರು ಚಿರಪರಿಚಿತ. ಆ ಹೆಸರಿನಲ್ಲಿ ಇಂದು ಬೇಕಾದಂತೆ ಬಾಗಿಸಬಹುದಾದ ಫ್ಲೆಕ್ಸಿಬಲ್ ಹಳಿಯೂ ಸಿಗುತ್ತದೆ. ಹಾಗಾಗಿ ಇದೆಲ್ಲವೂ ಆ ಹೆಸರಿನ ಎಂಜಿನಿಯರ್ ಒಬ್ಬರ ಕೊಡುಗೆ ಎಂದು ಹಲವರು ಭಾವಿಸಬಹುದು. ನಿಜಾಂಶ ಬೇರೆಯೇ ಇದೆ.

ಫ್ರಾಂಕ್ ಹಾರ್ನ್‌ಬಿ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟರು. ಎಂಜಿನಿಯರಿಂಗ್ ಓದಲಿಲ್ಲ, ಮಾಂಸ ಆಮದು ಮಾಡುವ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದರು. ತಮ್ಮ ಮಕ್ಕಳಿಗಾಗಿ ಮನೆಯಲ್ಲೇ ತಗಡು ಕತ್ತರಿಸಿ ಆಟಿಕೆ ಮಾಡುವಾಗ ಅವರಿಗೊಂದು ಉಪಾಯ ಹೊಳೆಯಿತು: ಪ್ರತಿ ಆಟಿಕೆಗೂ ಬೇರೆ ಬಿಡಿಭಾಗ ಏಕೆ? ಅರ್ಧ ಇಂಚಿಗೊಂದು ತೂತಿರುವ ಒಂದೇ ಬಗೆಯ ಪಟ್ಟಿಗಳನ್ನು ಮಾಡಿದರೆ ಇಂದು ಕ್ರೇನ್ ಕಟ್ಟಿ, ಬಿಚ್ಚಿ, ನಾಳೆ ಸೇತುವೆ ಕಟ್ಟಬಹುದಲ್ಲವೇ?

ಮಾಲೀಕರಿಂದ 5 ಪೌಂಡ್ ಸಾಲ ಪಡೆದು 1901ರಲ್ಲಿ ಪೇಟೆಂಟ್ ಮಾಡಿಸಿದರು. 1907ರಲ್ಲಿ ಈ ಆಟಿಕೆಗೆ ಮೆಕ್ಯಾನೋ ಎಂಬ ಹೆಸರು ನೋಂದಣಿಯಾಯಿತು. 1920ರಲ್ಲಿ ಕೀಲಿ ಕೊಟ್ಟು ಓಡಿಸುವ ಹಾರ್ನ್‌ಬಿ ರೈಲು ಬಂತು. ಮೊದಲ ರೈಲುಗಳನ್ನೂ ನಟ್ಟು, ಬೋಲ್ಟು ಬಿಚ್ಚಿ ಮತ್ತೆ ಜೋಡಿಸಬಹುದಿತ್ತು! ತಗಡಿನ ಹಳಿಯೂ ಅದೇ ತತ್ವದ್ದು: ನಿಗದಿತ ಅಳತೆಯ ನೇರ ತುಂಡು, ನಿಗದಿತ ತ್ರಿಜ್ಯದ ತಿರುವು ತುಂಡು. ಆಟ ಮುಗಿದ ಮೇಲೆ ಬಿಚ್ಚಿ ಪೆಟ್ಟಿಗೆಗೆ ಹಾಕಬಹುದು.

1931ರಲ್ಲಿ ಅವರು ಎವರ್ಟನ್ ಕ್ಷೇತ್ರದಿಂದ ಸಂಸತ್ತಿಗೂ ಆಯ್ಕೆಯಾದರು. 1936ರಲ್ಲಿ ತೀರಿಕೊಂಡರು. ಚಿಕ್ಕ ಅಳತೆಯ ಹಾರ್ನ್‌ಬಿ ಡಬ್ಲೋ ರೈಲು ಬಂದದ್ದು 1938ರಲ್ಲಿ. ಅವರ ಹೆಸರಿನ ಬಾಗುವ ಹಳಿ ಬಂದದ್ದು ಅದಕ್ಕೂ ಬಹಳ ನಂತರ. ಎರಡನ್ನೂ ಅವರು ನೋಡಲೇ ಇಲ್ಲ.

ಹಾಗಾದರೆ ಬಾಗುವ ಹಳಿಯೇ ಯಾವಾಗಲೂ ಉತ್ತಮವೇ? ಹಾಗೇನಿಲ್ಲ. ಅದರ ಲಾಭ ಇಷ್ಟು: ನಿಗದಿತ ತುಂಡುಗಳಲ್ಲಿ ನೇರ ದಾರಿ ಮುಗಿದ ಕೂಡಲೇ ತಿರುವು ಆರಂಭವಾಗಿ ಬೋಗಿಗಳು ಥಟ್ಟನೆ ಅಡ್ಡಕ್ಕೆ ವಾಲುತ್ತವೆ. ಬಾಗುವ ಹಳಿಯಲ್ಲಿ ನಿಜವಾದ ರೈಲುಮಾರ್ಗದಂತೆ ತಿರುವನ್ನು ನಿಧಾನವಾಗಿ ಬಿಗಿಗೊಳಿಸಬಹುದು. ಕೀಲುಗಳೂ ಕಡಿಮೆ, ಹಾಗಾಗಿ ವಿದ್ಯುತ್ ಸಂಪರ್ಕ ಕಡಿದುಹೋಗುವ ಜಾಗಗಳೂ ಕಡಿಮೆ.

ಆದರೆ ಬಾಗಿಸಿದಾಗ ಒಳಗಿನ ಕಂಬಿ ಹೊರಚಾಚುತ್ತದೆ, ಏಕೆಂದರೆ ಒಳವೃತ್ತದ ದಾರಿ ಚಿಕ್ಕದು. 16.5 ಮಿ.ಮೀ. ಗೇಜ್‌ನಲ್ಲಿ 90 ಡಿಗ್ರಿ ತಿರುವಿಗೆ ಸುಮಾರು 26 ಮಿ.ಮೀ. ಹೆಚ್ಚಾಗುತ್ತದೆ, ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಅಷ್ಟೇ! ಅದನ್ನು ಕತ್ತರಿಸಲೇಬೇಕು. ಕತ್ತರಿಸಿದ ಹಳಿಯನ್ನು ಬೇರೆ ತಿರುವಿಗೆ ಸುಲಭವಾಗಿ ಬಳಸಲಾಗದು. ಕೈಗೆ ಬಾಗುತ್ತದೆಂದು ಅತಿಯಾಗಿ ಬಾಗಿಸಿದರೆ ಎಂಜಿನ್ ಹಳಿ ತಪ್ಪುತ್ತದೆ. ಆದ್ದರಿಂದ ಎಂಜಿನ್‌ಗೆ ಬೇಕಾದ ಕನಿಷ್ಠ ತ್ರಿಜ್ಯವನ್ನು ಮೊದಲು ತಿಳಿದುಕೊಳ್ಳಿ.

ಹಲಗೆಯ ಮೇಲೆ ಶಾಶ್ವತವಾಗಿ ಕೂರಿಸುವುದಾದರೆ ಬಾಗುವ ಹಳಿ ಆರಿಸಿ. ಮಕ್ಕಳು ದಿನಕ್ಕೊಂದು ದಾರಿ ಕಟ್ಟಿ ಬಿಚ್ಚಬೇಕೆಂದರೆ, ಆ ಲೆಕ್ಕ ಬರೆಯುವವರ ಹಳೆಯ ಉಪಾಯವೇ ಇಂದಿಗೂ ಸರಿ.