ಎರಡು ಕಡೆಯ ದಿನಗಳ ಕವಿ

ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯೊಂದಿದೆ. ಆಳುಪ ಅರಸು ಕುಂದವರ್ಮನು ಕ್ರಿ.ಶ. 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಿಸಿದನೆಂದು ಪೀಠದ ಶಾಸನ ಸಾರುತ್ತದೆ. ಅರಸು ಶಿವಭಕ್ತ, ಪ್ರತಿಷ್ಠೆಗೊಂಡವನು ಬೌದ್ಧರ ಬೋಧಿಸತ್ತ್ವ. ತನ್ನ ಭಕ್ತಿಯನ್ನು ಆತನು ಮರೆಮಾಚಲಿಲ್ಲ; ಬೋಧಿಸತ್ತ್ವನ ಹೆಸರನ್ನೂ ಬದಲಿಸಲಿಲ್ಲ. ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ, 1883ರ ಮಾರ್ಚ್ 23ರಂದು ಗೋವಿಂದ ಪೈಗಳು ಜನಿಸಿದರು.

ಮಂಗಳೂರಿನಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಪಂಜೆ ಮಂಗೇಶರಾಯರು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದರು. ಆದರೆ ತಂದೆಯವರ ಕಾಯಿಲೆಯ ನಿಮಿತ್ತ ಪದವಿ ಪೂರೈಸದೆಯೆ ಹಿಂದಿರುಗಬೇಕಾಯಿತು. ಪದವಿ ತಪ್ಪಿತು, ವಿದ್ಯೆ ತಪ್ಪಲಿಲ್ಲ. ಮಂಜೇಶ್ವರದ ಮನೆಯಲ್ಲಿ ಪುಸ್ತಕಗಳ ನಡುವೆ ಕುಳಿತು ಒಂದಾದ ಮೇಲೊಂದು ಭಾಷೆಯನ್ನು ಕಲಿತರು. 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತೊರೆದು ಪಂಡಿತರ ಮುನಿಸಿಗೆ ಪಾತ್ರರಾದರು. ‘ಗಿಳಿವಿಂಡು’ ಪ್ರಕಟವಾದುದು 1930ರಲ್ಲಿ.

ಅವರ ಖಂಡಕಾವ್ಯಗಳಲ್ಲಿ ಎರಡು ಇಲ್ಲಿ ನಮಗೆ ಮುಖ್ಯ: ಯೇಸುವಿನ ಕಡೆಯ ದಿನವನ್ನು ಕುರಿತ ‘ಗೊಲ್ಗೊಥಾ’ ಮತ್ತು ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’. ಗೌಡಸಾರಸ್ವತ ಮನೆತನದ ಕವಿಯೊಬ್ಬರು ಆಯ್ದುಕೊಂಡದ್ದು ಕ್ರೈಸ್ತರೂ ಬೌದ್ಧರೂ ಅತ್ಯಂತ ಪವಿತ್ರವೆಂದು ಬಗೆದಿರುವ ದಿನಗಳನ್ನು. ಕುಸಿನಾರೆಯ ಜೋಡಿ ಸಾಲವೃಕ್ಷಗಳು, ಆನಂದನ ಕಣ್ಣೀರು, ಕೊನೆಯ ಊಟ ಬಡಿಸಿದ ಚುಂದನ ಮೇಲೆ ದೂರು ಬಾರದಿರಲೆಂದು ಬುದ್ಧನು ವಹಿಸಿದ ಎಚ್ಚರ: ಪಾಲಿ ಸೂತ್ರವನ್ನು ಬಲ್ಲ ಪ್ರತಿಯೊಬ್ಬ ಭಿಕ್ಷುವಿನ ಎದೆಯಲ್ಲಿರುವ ಚಿತ್ರಗಳಿವು. ಇಲ್ಲಿ ಕವಿಯ ಕಲ್ಪನೆಗೆ ಕಡಿವಾಣ ಬೇಕು. ಪೈಗಳು ಹೆಸರಿಡುವಲ್ಲಿಯೇ ಆ ಸಂಯಮ ತೋರಿದರು: ಒಂದು ಕಾವ್ಯಕ್ಕೆ ಶಿಲುಬೆಯ ಬೆಟ್ಟದ ಸ್ವಂತ ಹೆಸರು, ಇನ್ನೊಂದಕ್ಕೆ ಬೌದ್ಧರೇ ಆಚರಿಸುವ ಹುಣ್ಣಿಮೆಯ ಹೆಸರು. ಅವರ ಶೈಲಿಯಲ್ಲಿ ಪಾಂಡಿತ್ಯದ ಭಾರ ಹೆಚ್ಚೆಂಬ ಆಕ್ಷೇಪ ನಿರಾಧಾರವಲ್ಲ. ಆದರೆ ಎರವಲು ತಂದ ಕಥೆಯಲ್ಲಿ ಕೊಟ್ಟವರು ತಮ್ಮ ವಸ್ತುವನ್ನು ಗುರುತಿಸಬಲ್ಲರೆ ಎಂಬುದೇ ಒರೆಗಲ್ಲಾದರೆ, ಆ ಪಾಂಡಿತ್ಯವನ್ನು ವಿನಯವೆಂದೇ ಎಣಿಸಬೇಕು.

ಪೈಗಳು ಜಪಾನಿನ ಕೆಲವು ನೋ ನಾಟಕಗಳನ್ನೂ ಕನ್ನಡಕ್ಕೆ ತಂದರು. ನೋ ರಂಗವು ಬೌದ್ಧಭಾವದಲ್ಲಿ ಮಿಂದದ್ದು. ಬದಿಯಲ್ಲಿ ಕುಳಿತು ಹಾಡುವ ಅದರ ಮೇಳವು ಭಾಗವತರನ್ನು ಬಲ್ಲ ನಮ್ಮ ಕರಾವಳಿಯವರಿಗೆ ತೀರ ಅಪರಿಚಿತವೆನಿಸದು. ಇದೇ ರಂಗಕ್ಕೆ ಮಾರುಹೋದ ಇನ್ನೊಬ್ಬರು ಇಂಗ್ಲೆಂಡಿನ ಸಂಗೀತಕಾರ ಬೆಂಜಮಿನ್ ಬ್ರಿಟನ್. 1956ರಲ್ಲಿ ಟೋಕಿಯೋದಲ್ಲಿ ಅವರು ‘ಸುಮಿದಾಗಾವಾ’ ನಾಟಕವನ್ನು ಕಂಡರು. ಕಳೆದುಹೋದ ಮಗನನ್ನು ಅರಸುವ ತಾಯಿ ನದಿಯಾಚೆ ಕಾಣುವುದು ಅವನ ಸಮಾಧಿಯನ್ನು. ಅಮಿದ ಬುದ್ಧನ ನಾಮಜಪ ನಡೆಯುತ್ತಿರಲು ಮಗನ ಛಾಯೆ ಮೂಡುತ್ತದೆ. ಬೆಳಗಾದಾಗ ಉಳಿಯುವುದು ಹುಲ್ಲು ಬೆಳೆದ ದಿಬ್ಬವೊಂದೇ. ಬ್ರಿಟನ್ನರು ವಿಲಿಯಂ ಪ್ಲೂಮರ್ ಅವರಿಂದ ಗೀತಪಾಠ ಬರೆಸಿ, ಕಥೆಯನ್ನು ಇಂಗ್ಲೆಂಡಿನ ಜವುಗುನಾಡಿಗೆ ಸಾಗಿಸಿ, ‘ಕರ್ಲ್ಯೂ ರಿವರ್’ ಎಂಬ ಗೀತನಾಟಕವನ್ನು 1964ರಲ್ಲಿ ಆರ್ಫರ್ಡಿನ ಚರ್ಚಿನಲ್ಲಿ ಆಡಿಸಿದರು. ನಾಮಜಪದ ಎಡೆಗೆ ಲ್ಯಾಟಿನ್ ಸ್ತೋತ್ರ ಬಂದಿತು. ಮಗನ ಹರಕೆಯಿಂದ ತಾಯಿಯ ಹುಚ್ಚು ಗುಣವಾಯಿತು.

ಪರರ ಮಂತ್ರವನ್ನು ಅಲಂಕಾರಕ್ಕಾಗಿ ಬಳಸದಿದ್ದುದು ಸಭ್ಯತೆಯೇ ಸರಿ. ಸಂಗೀತವೂ ಶ್ರೇಷ್ಠ. ಆದರೂ, ನಮ್ಮ ಯಕ್ಷಗಾನ ಪ್ರಸಂಗವೊಂದನ್ನು ಕೊಂಡೊಯ್ದು ಮಂಗಳಪದದ ಎಡೆಯಲ್ಲಿ ಬೇರೊಂದು ಮತದ ಸ್ತುತಿ ಹಾಡಿದರೆ ನಮಗೆ ಹೇಗಾದೀತು? ಮೂಲದಲ್ಲಿ ಸಾಂತ್ವನವಿಲ್ಲದೆ ಮುಗಿಯುವ ದುಃಖವು ಇಲ್ಲಿ ಪವಾಡದಲ್ಲಿ ಕರಗಿಹೋಗುತ್ತದೆ. ಬೌದ್ಧರ ಅನಿತ್ಯಭಾವನೆ ನದಿ ದಾಟಿ ಬರಲಿಲ್ಲ.

ಈ ಗೀತನಾಟಕವನ್ನು ಕೇಳಲು ಪೈಗಳಿರಲಿಲ್ಲ. ಮದರಾಸು ಸರಕಾರದಿಂದ 1949ರಲ್ಲಿ ರಾಷ್ಟ್ರಕವಿ ಬಿರುದು, 1951ರಲ್ಲಿ ಮುಂಬಯಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿದ್ದವು. 1956ರಲ್ಲಿ ಮಂಜೇಶ್ವರವು ಕೇರಳಕ್ಕೆ ಸೇರಿತು. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಮಂಜೇಶ್ವರದಲ್ಲಿರುವ ಅವರ ಸ್ಮಾರಕಕ್ಕೆ ‘ಗಿಳಿವಿಂಡು’ ಎಂದೇ ಹೆಸರು.